ಬಿಲ್ಲಿನ ಗೀತ: ಸ್ನೇಹಿತನನ್ನು ಕಳಕೊಂಡ ಹಾಡುಗಾರನ ದುಃಖ

ಸತ್ಯವೇದ ಪಾಠ

ಓದತಕ್ಕ ಭಾಗ: 2 ಸಮುವೇಲ 1:1-27. ಸಂಗಡ ಓದತಕ್ಕವು: 1 ಸಮುವೇಲ 18:1-4, 23:16-18, 2 ಸಮುವೇಲ 9:1-13, ಯೋಹಾನ 11:28-44, 1 ಥೆಸಲೋನಿಕ 4:13-18.



ಒಂದು ಮನೆಗೆ ಮರಣವು ಬಂದರೆ ತಾಯಿತಂದೆಗಳ ದುಃಖವನ್ನೂ ಹೆಂಡತಿಮಕ್ಕಳ ದುಃಖವನ್ನೂ ಊರವರೆಲ್ಲರು ಬಲ್ಲರು. ನೆರೆಯವರು ಬಂದು ಅವರ ಸಂಗಡ ಕೂತುಕೊಳ್ಳುತ್ತಾರೆ, ಅಡಿಗೆ ಮಾಡಿ ತರುತ್ತಾರೆ, ರಾತ್ರಿ ಜೊತೆಗಿರುತ್ತಾರೆ. ಆದರೆ ಸತ್ತವನ ಸ್ನೇಹಿತನು ಮಣ್ಣು ಕೊಟ್ಟು ತನ್ನ ಮನೆಗೆ ತಿರಿಗಿ ಹೋದಾಗ ಅವನ ಬಾಗಲಿಗೆ ಹೋಗುವವರು ಬಹು ಕಡಿಮೆ. ಅವನಿಗೆ ರಕ್ತಸಂಬಂಧವಿಲ್ಲ, ನಾಲ್ಕು ದಿವಸಗಳಲ್ಲಿ ಮರೆತುಬಿಡುವನು ಎಂದು ನಾವು ಎಣಿಸುತ್ತೇವೆ. ಇಂಥ ಎಣಿಕೆಯಿಂದ ನಾನೇ ಒಂದು ತಪ್ಪನ್ನು ಮಾಡಿದೆನು. ಅದನ್ನು ಮೊದಲು ಹೇಳಿ ಆಮೇಲೆ ಪಾಠಕ್ಕೆ ಬರುವೆನು.

ಅಳ್ನಾವರದಿಂದ ಕಾಡಿನೊಳಗೆ ಬರುವ ರೈಲುದಾರಿಯು ಅಂಬೇವಾಡಿಯಲ್ಲಿ ಮುಗಿಯುತ್ತದೆಂಬದನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ಆ ಕಡೆಯ ಒಂದು ಚಿಕ್ಕ ಸಭೆಯಲ್ಲಿ ಪೇಟಿ ಬಾರಿಸಿ ಗೀತಗಳನ್ನು ಎತ್ತಿಕೊಡುವ ಒಬ್ಬ ಸಹೋದರನಿದ್ದಾನೆ. ಅವನ ಎಡಗಡೆಯಲ್ಲಿ ಕೂತು ತಬಲಾ ಬಾರಿಸುವ ಸ್ನೇಹಿತನೊಬ್ಬನಿದ್ದನು. ಇಬ್ಬರೂ ಒಂದೇ ವರುಷದಲ್ಲಿ ದೀಕ್ಷಾಸ್ನಾನ ಹೊಂದಿದವರು. ಕ್ರಿಸ್ತಜಯಂತಿಯ ಭಜನೆಗೂ ಮದುವೆಗಳಿಗೂ ಸಾವಿನ ಮನೆಗಳಿಗೂ ಒಟ್ಟಾಗಿ ಹೋದವರು. ಒಂದು ಮಳೆಗಾಲದಲ್ಲಿ ತಬಲಾದವನು ಜ್ವರ ಬಂದು ತೀರಿಹೋದನು. ಆ ಮೇಲೆ ನಾಲ್ಕು ಆದಿತ್ಯವಾರ ಪೇಟಿಯ ಮುಚ್ಚಳವು ತೆರೆಯಲ್ಪಡಲಿಲ್ಲ. ಸಭೆಯು ಬರೀ ಬಾಯಿಂದ ಹಾಡಿತು.

ಐದನೆಯ ವಾರದಲ್ಲಿ ನಾನು ಅವನ ಮನೆಗೆ ಹೋಗಿ, "ಕ್ರೈಸ್ತನಾದವನು ಹೀಗೆ ದುಃಖಿಸಬಾರದು. ನಿರೀಕ್ಷೆಯಿಲ್ಲದವರು ಹೀಗೆ ಮಾಡುತ್ತಾರೆ. ನಿನ್ನ ವಿಶ್ವಾಸವೆಲ್ಲಿ?" ಎಂದು ಬೋಧಿಸಿದೆನು. ಅವನು ಕೋಪಿಸಿಕೊಳ್ಳಲಿಲ್ಲ. "ಉಪದೇಶಿಗಳೇ, ಅವನು ಎದ್ದುಬರುವನೆಂದು ನಾನು ನಂಬಿದ್ದೇನೆ. ಆದರೆ ಪೇಟಿಯ ಮುಂದೆ ಕೂತರೆ ಎಡಗಡೆ ಬರಿದಾಗಿರುತ್ತದೆ. ಅವನ ಪೆಟ್ಟು ಬೀಳತಕ್ಕ ಜಾಗಕ್ಕೆ ಬಂದಾಗ ನನ್ನ ಕೈ ತಾನಾಗಿ ನಿಂತುಹೋಗುತ್ತದೆ. ಇದಕ್ಕೆ ನಾನೇನು ಮಾಡಲಿ?" ಎಂದನು. ನನಗೆ ಉತ್ತರ ತೋರಲಿಲ್ಲ. ಪ್ರಾರ್ಥನೆ ಮಾಡಿ ಎದ್ದುಬಂದೆನು. ಆದರೆ ಆ ಪ್ರಾರ್ಥನೆಯು ಅವನಿಗಿಂತ ನನ್ನ ನಾಚಿಕೆಯನ್ನು ಮುಚ್ಚುವದಕ್ಕೆ ಮಾಡಿದ್ದಾಗಿತ್ತು. ಅದೇ ರಾತ್ರಿ ದೀಪದ ಮುಂದೆ ಸಮುವೇಲನ ಎರಡನೆಯ ಪುಸ್ತಕವನ್ನು ತೆರೆದೆನು. ಅದರ ಮೊದಲನೆಯ ಅಧ್ಯಾಯದಲ್ಲಿ ಒಬ್ಬ ಹಾಡುಗಾರನು ತನ್ನ ಸ್ನೇಹಿತನಿಗೋಸ್ಕರ ಅಳುತ್ತಾ ಇದ್ದನು.

1. ಆ ಹಾಡುಗಾರನು ಯಾರು, ಆ ಸ್ನೇಹಿತನು ಯಾರು?

ದಾವೀದನು ಅರಸನಾಗುವದಕ್ಕಿಂತ ಮುಂಚೆಯೇ ಕಿನ್ನರಿ ಬಾರಿಸುವವನೆಂದು ಹೆಸರುಗೊಂಡಿದ್ದನು. ಸೌಲನ ಅರಮನೆಗೆ ಅವನು ಮೊದಲು ಕರಿಸಲ್ಪಟ್ಟದ್ದು ಕತ್ತಿ ಹಿಡಿಯುವದಕ್ಕಲ್ಲ, ಅರಸನ ಕದಡಿದ ಮನಸ್ಸನ್ನು ವಾದ್ಯದಿಂದ ಶಾಂತಪಡಿಸುವದಕ್ಕೆ (1 ಸಮುವೇಲ 16:14-23). ಆ ಅರಮನೆಯಲ್ಲಿಯೇ ಅವನು ಅರಸನ ಮಗನಾದ ಯೋನಾತಾನನನ್ನು ಕಂಡನು.

ಯೋನಾತಾನನು ಸಿಂಹಾಸನಕ್ಕೆ ಬಾಧ್ಯನಾಗಿದ್ದನು. ದಾವೀದನು ಬೆಳೆದರೆ ತನ್ನ ಬಾಧ್ಯತೆಯು ಹೋಗುವದೆಂದು ಅವನಿಗೆ ಗೊತ್ತಿತ್ತು. ಆದರೂ ಅವನು ತನ್ನ ನಿಲುವಂಗಿಯನ್ನೂ ಕತ್ತಿಯನ್ನೂ ಬಿಲ್ಲನ್ನೂ ನಡುಕಟ್ಟನ್ನೂ ತೆಗೆದು ಕುರುಬನ ಮಗನಿಗೆ ಕೊಟ್ಟನು (1 ಸಮುವೇಲ 18:4). ಆ ಬಿಲ್ಲನ್ನು ನೆನಪಿನಲ್ಲಿಡಿರಿ. ಮುಂದೆ ದಾವೀದನು ಕಟ್ಟಿದ ಶೋಕಗೀತವು ಬಿಲ್ಲಿನ ಹೆಸರನ್ನೇ ಹೊಂದಿತು.

ಅವರಿಬ್ಬರ ಕಡೇ ಭೇಟಿಯು ಜೀಫ್ ಅರಣ್ಯದ ಕಾಡಿನಲ್ಲಿ ಆಯಿತು (1 ಸಮುವೇಲ 23:16-18). ಓಡಿಹೋಗಿ ಅಡಗಿದ್ದ ದಾವೀದನನ್ನು ಯೋನಾತಾನನು ತಾನಾಗಿ ಹುಡುಕಿಕೊಂಡು ಬಂದು ದೇವರಲ್ಲಿ ಅವನನ್ನು ಬಲಪಡಿಸಿದನು. ನೀನು ಇಸ್ರಾಯೇಲಿನ ಮೇಲೆ ಅರಸನಾಗುವಿ, ನಾನು ನಿನಗೆ ಎರಡನೆಯವನಾಗಿರುವೆನು ಎಂಬ ಅರ್ಥವುಳ್ಳ ಮಾತನ್ನು ಆಗ ಹೇಳಿದನು. ಇಬ್ಬರೂ ಒಂದೇ ಕೆಲಸವನ್ನು ಕೂಡಿ ಮಾಡಬೇಕೆಂದು ನಿಶ್ಚಯಿಸಿಕೊಂಡರು. ಆದರೆ ಆ ದಿವಸವು ಬರಲೇ ಇಲ್ಲ. ಗಿಲ್ಬೋವ ಬೆಟ್ಟದಲ್ಲಿ ಫಿಲಿಷ್ಟಿಯರ ಮುಂದೆ ಸೌಲನೂ ಅವನ ಮೂವರು ಗಂಡುಮಕ್ಕಳೂ ಬಿದ್ದರು. ದಾವೀದನು ಅರಸನಾದನು, ಎರಡನೆಯವನ ಸ್ಥಾನವು ಬರಿದಾಗಿ ಉಳಿಯಿತು. ಹೀಗಿರಲಾಗಿ ಅವನು ಸ್ನೇಹಿತನನ್ನು ಮಾತ್ರವಲ್ಲ, ಜೊತೆಗಾರನನ್ನೂ ಕಳಕೊಂಡನು.

2. ದಾವೀದನು ಹೇಗೆ ದುಃಖಿಸಿದನು?

ಇದರಲ್ಲಿ ನಾಲ್ಕು ಸಂಗತಿಗಳನ್ನು ಗಮನಿಸಬೇಕು.

ಮೊದಲನೆಯದು, ಅವನು ತನ್ನ ಜನರ ಸಂಗಡ ಅತ್ತನು. ಚಿಕ್ಲಗಿಗೆ ಸುದ್ದಿಯು ಬಂದಾಗ ಅವನೂ ಅವನ ಸಂಗಡ ಇದ್ದವರೆಲ್ಲರೂ ಬಟ್ಟೆ ಹರಿದುಕೊಂಡು ಸಾಯಂಕಾಲದ ವರೆಗೂ ಉಪವಾಸವಾಗಿದ್ದರು (ವಚನ 11, 12). ಸಿಂಹದ ಮುಂದೆಯೂ ಗೊಲ್ಯಾತನ ಮುಂದೆಯೂ ಹೆದರದವನು ಇಲ್ಲಿ ಎಲ್ಲರ ಕಣ್ಣೆದುರಿಗೆ ಅತ್ತನು. ಸತ್ಯವೇದವು ಇದನ್ನು ಬಲಹೀನತೆಯೆಂದು ಎಲ್ಲಿಯೂ ಹೇಳಿಲ್ಲ.

ಎರಡನೆಯದು, ಅವನು ತನ್ನ ವಿದ್ಯೆಯಿಂದಲೇ ದುಃಖಿಸಿದನು. ಬಡಗಿಯಾಗಿದ್ದರೆ ಪೆಟ್ಟಿಗೆಯನ್ನು ಮಾಡುತ್ತಿದ್ದನು. ಹಾಡುಗಾರನಾದದ್ದರಿಂದ ಹಾಡನ್ನು ಕಟ್ಟಿದನು. ಪರಾಕ್ರಮಶಾಲಿಗಳು ಬಿದ್ದರೆಂಬ ಮಾತು ಆ ಗೀತದಲ್ಲಿ ಮೂರು ಸಾರಿ ತಿರಿಗಿ ಬರುತ್ತದೆ (ವಚನ 19, 25, 27). ದುಃಖವುಳ್ಳವನು ಒಂದೇ ಮಾತನ್ನು ಪದೇಪದೇ ಹೇಳುವದುಂಟಷ್ಟೇ. ಅದನ್ನು ಕೇಳಿ ನಾವು ಬೇಸರಗೊಳ್ಳಬಾರದು. ಪರಿಶುದ್ಧ ಗ್ರಂಥವೇ ಅದಕ್ಕೆ ಸ್ಥಳ ಕೊಟ್ಟಿದೆ.

ಮೂರನೆಯದು, ಅವನು ಸತ್ತವರ ಒಳ್ಳೇದನ್ನೇ ಹೇಳಿದನು. ಸೌಲನು ಅವನನ್ನು ವರುಷಗಟ್ಟಲೆ ಬೇಟೆಯಾಡಿದ್ದನು. ಆದರೂ ಗೀತದಲ್ಲಿ ಸೌಲನ ವಿರೋಧವಾಗಿ ಒಂದು ಮಾತೂ ಇಲ್ಲ. ತಂದೆಮಕ್ಕಳಿಬ್ಬರನ್ನೂ ಕೂಡಿಸಿ ಹೊಗಳಿದ ಬಳಿಕ ಕಡೆಯಲ್ಲಿ ಯೋನಾತಾನನ ಹೆಸರನ್ನು ಮಾತ್ರ ಹಿಡಿದು, ಸಹೋದರನೆಂದು ಕರೆದು, ಅವನ ಪ್ರೀತಿಯು ತನಗೆ ಎಷ್ಟು ಆಶ್ಚರ್ಯವಾದದ್ದೆಂದು ಹೇಳುತ್ತಾನೆ (ವಚನ 26). ದೇಶದ ದುಃಖದಿಂದ ತೊಡಗಿದ ಹಾಡು ಒಬ್ಬ ಮನುಷ್ಯನ ದುಃಖಕ್ಕೆ ಬಂದು ಮುಟ್ಟುತ್ತದೆ.

ನಾಲ್ಕನೆಯದು, ಅವನು ಅದನ್ನು ಕಲಿಸಿದನು. ಯೆಹೂದದ ಜನರಿಗೆ ಈ ಗೀತವನ್ನು ಕಲಿಸಬೇಕೆಂದು ಅಪ್ಪಣೆಯಾಯಿತು, ಮತ್ತು ಅದು ಯಾಷಾರ್ ಎಂಬ ಗ್ರಂಥದಲ್ಲಿ ಬರೆಯಲ್ಪಟ್ಟಿತೆಂದು 18ನೆಯ ವಚನದಲ್ಲಿ ಕಾಣುತ್ತೇವೆ. ಒಬ್ಬನ ಎದೆಯಲ್ಲಿದ್ದ ಭಾರವನ್ನು ಒಂದು ಜನಾಂಗವೇ ಹೊತ್ತುಕೊಂಡಿತು. ನಮ್ಮ ಸಭೆಯಾದರೋ ಆ ಸಹೋದರನ ಭಾರವನ್ನು ಅವನ ಮನೆಯಲ್ಲಿಯೇ ಬಿಟ್ಟು, ಅವನು ಆರಾಧನೆಗೆ ಯಾವಾಗ ಪೇಟಿ ತರುವನೆಂದು ಕೇಳುತ್ತಾ ಇತ್ತು.

3. ಕ್ರೈಸ್ತನು ಅಳಬಹುದೋ?

ನಮ್ಮ ಹಿರಿಯರ ಕಾಲದಲ್ಲಿ ಸಾವಿನ ಮನೆಯಲ್ಲಿ ಎದೆ ಬಡಿದುಕೊಳ್ಳುವದೂ ಸತ್ತವನ ಆತ್ಮಕ್ಕೆ ಹೆದರಿ ಎಡೆಯಿಡುವದೂ ನಡೆಯುತ್ತಿದ್ದವು. ಸುವಾರ್ತೆಯನ್ನು ಕೈಕೊಂಡಾಗ ಆ ಹೆದರಿಕೆಯನ್ನು ಬಿಟ್ಟರು, ಅದು ಒಳ್ಳೇದೇ. ಆದರೆ ಕೆಲವರು ಹೆದರಿಕೆಯ ಸಂಗಡ ಕಣ್ಣೀರನ್ನೂ ಬಿಡಬೇಕೆಂದು ತಿಳುಕೊಂಡರು. ಅಳದಿರುವದೇ ವಿಶ್ವಾಸವೆಂಬ ಬೋಧನೆಯು ಹೀಗೆ ಸಭೆಗಳಲ್ಲಿ ಹುಟ್ಟಿತು. ನಾನೂ ಅದನ್ನೇ ಹೇಳಿಬಿಟ್ಟೆನು.

ನಾನು ಆಧಾರವಾಗಿ ಹಿಡಿದ ವಚನವನ್ನು ಸರಿಯಾಗಿ ಓದಿರಿ. ಅಪೊಸ್ತಲನಾದ ಪೌಲನು ಥೆಸಲೋನಿಕದವರಿಗೆ ದುಃಖವೇ ಕೂಡದೆಂದು ಬರೆಯಲಿಲ್ಲ. ನಿರೀಕ್ಷೆಯಿಲ್ಲದವರು ದುಃಖಿಸುವ ರೀತಿಯಿಂದ ದುಃಖಿಸಬಾರದೆಂದು ಬರೆದನು (1 ಥೆಸಲೋನಿಕ 4:13). ಎರಡಕ್ಕೂ ಬಹು ಭೇದವುಂಟು. ನಿರೀಕ್ಷೆಯಿಲ್ಲದವನು ಬಾಗಲು ಮುಚ್ಚಿಹೋಯಿತೆಂದು ಅಳುತ್ತಾನೆ; ನಿರೀಕ್ಷೆಯುಳ್ಳವನು ಬಾಗಲು ತೆರೆಯುವ ತನಕ ಕಾಯಬೇಕಲ್ಲಾ ಎಂದು ಅಳುತ್ತಾನೆ. ಕಣ್ಣೀರು ಇಬ್ಬರಿಗೂ ಉಂಟು.

ನಮ್ಮ ಕರ್ತನನ್ನೇ ನೋಡಿರಿ. ಬೇಥಾನ್ಯದಲ್ಲಿ ತನ್ನ ಸ್ನೇಹಿತನಾದ ಲಾಜರನ ಸಮಾಧಿಯ ಕಡೆಗೆ ಹೋಗುವಾಗ ಆತನು ಕಣ್ಣೀರು ಬಿಟ್ಟನು (ಯೋಹಾನ 11:35). ಸ್ವಲ್ಪ ಹೊತ್ತಿನಲ್ಲಿ ಲಾಜರನನ್ನು ಹೊರಗೆ ಕರೆಯುವೆನೆಂದು ಆತನಿಗೆ ತಿಳಿದಿತ್ತು, ಆದರೂ ಅತ್ತನು. ಪುನರುತ್ಥಾನವೂ ಜೀವವೂ ಆಗಿರುವಾತನೇ ಅತ್ತ ಮೇಲೆ ಪುನರುತ್ಥಾನವನ್ನು ನಂಬುವ ನಾವು ಅಳಬಾರದೆಂದು ಹೇಳುವವರು ಯಾರು? ಸ್ತೆಫನನನ್ನು ಹೂಣಿಟ್ಟ ಭಕ್ತಿವಂತರು ಅವನಿಗೋಸ್ಕರ ಬಹಳವಾಗಿ ಗೋಳಾಡಿದರೆಂದು ಅಪೊಸ್ತಲರ ಕೃತ್ಯಗಳಲ್ಲಿಯೂ ಬರೆದದೆ (8:2). ಅವರು ಭಕ್ತಿವಂತರೆಂದು ಹೇಳಲ್ಪಟ್ಟವರು, ಅವಿಶ್ವಾಸಿಗಳಲ್ಲ.

4. ಜೊತೆಯ ಸ್ವರವು ನಿಂತಾಗ

ಹಾಡುಗಾರರ ದುಃಖದಲ್ಲಿ ಒಂದು ವಿಶೇಷವುಂಟು. ಅದನ್ನು ತಿಳಿಸುವದಕ್ಕೆ ನಮ್ಮ ನೆರೆಯ ಹುಬ್ಬಳ್ಳಿಯ ಒಬ್ಬ ಪ್ರಸಿದ್ಧ ಗಾಯಕಿಯನ್ನು ನೆನಸುತ್ತೇನೆ. ಅವರು ನಮ್ಮ ಸಭೆಯವರಲ್ಲ. ಆದರೆ ದೇವರು ಕೊಟ್ಟ ಸ್ವರವೆಂಬ ದಾನವನ್ನು ಬಹು ಕಷ್ಟದಿಂದ ಬೆಳೆಸಿದವರು.

ಗಂಗೂಬಾಯಿ ಹಾನಗಲ್ಲರು 1913ರಲ್ಲಿ ಧಾರವಾಡದಲ್ಲಿ ಹುಟ್ಟಿದರು. ಅವರ ತಾಯಿ ಅಂಬಾಬಾಯಿಯವರು ಕರ್ನಾಟಕ ಸಂಗೀತವನ್ನು ಹಾಡುವವರಾಗಿದ್ದು, ಮಗಳ ಹಿಂದೂಸ್ತಾನೀ ಕಲಿಕೆಗೆ ಅಡ್ಡಿಯಾಗಬಾರದೆಂದು ತಮ್ಮ ಹಾಡನ್ನು ನಿಲ್ಲಿಸಿದರೆಂದು ಹೇಳುತ್ತಾರೆ. ಗಂಗೂಬಾಯಿಯವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಬಳಿಯಲ್ಲಿ ಕಲಿತರು. ಮುಂದೆ ಕಚೇರಿಗಳಲ್ಲಿ ಅವರ ಮಗಳು ಕೃಷ್ಣಾ ಹಾನಗಲ್ಲರು ಹಿಂದೆ ಕೂತು ಅನೇಕ ವರುಷ ಜೊತೆ ಹಾಡಿದರು. ಹೀಗೆ ಜೊತೆ ಹಾಡುವವರ ಕೆಲಸವು ಸಭಿಕರ ಕಣ್ಣಿಗೆ ದೊಡ್ಡದಾಗಿ ಕಾಣುವದಿಲ್ಲ. ಮುಂದಿನವರು ಉಸಿರು ತೆಗೆದುಕೊಳ್ಳುವಾಗ ಸ್ವರವು ಬೀಳದಂತೆ ಹಿಡಿಯುವದು, ಅವರು ಬಿಟ್ಟ ಸ್ಥಳದಿಂದ ಎತ್ತಿಕೊಳ್ಳುವದು, ಅವರು ತಿರಿಗಿ ಬಂದಾಗ ಹಿಂದೆ ಸರಿಯುವದು, ಇಷ್ಟೇ. ಆದರೆ ಮುಂದೆ ಕೂತವರು ಧೈರ್ಯದಿಂದ ಹಾಡುವದು ಹಿಂದಿನ ಆ ಸ್ವರದ ಮೇಲೆ ಒರಗಿಕೊಂಡೇ.

ಕೃಷ್ಣಾ ಅವರು 2004ರಲ್ಲಿ ಕ್ಯಾನ್ಸರ್ ರೋಗದಿಂದ ತೀರಿಹೋದರು. ಆಗ ತಾಯಿಗೆ ತೊಂಭತ್ತು ವರುಷ ದಾಟಿತ್ತು. ಮಗಳನ್ನೂ ಜೊತೆಗಾರಳನ್ನೂ ಒಂದೇ ಸಾರಿ ಕಳಕೊಂಡ ಆ ವೃದ್ಧೆಯು 2006ರಲ್ಲಿ ಇನ್ನೊಂದು ಸಾರಿ ಸಭೆಯ ಮುಂದೆ ಕೂತು ಹಾಡಿದರು. ಅದೇ ಅವರ ಕಡೇ ಕಚೇರಿ. 2009ನೆಯ ಜುಲೈ 21ರಲ್ಲಿ ಹುಬ್ಬಳ್ಳಿಯಲ್ಲಿ ತೀರಿಹೋದರು. ಅವರ ಮನಸ್ಸಿನೊಳಗೆ ಏನಿತ್ತೆಂದು ಹೇಳುವದಕ್ಕೆ ನಾನು ಯಾರು? ಆದರೆ ಜೊತೆಯ ಸ್ವರವು ನಿಂತ ಮೇಲೆ ಹಾಡುವದು ಎಷ್ಟು ಕಠಿಣವೆಂಬದನ್ನು ನಮ್ಮ ಪೇಟಿಯ ಸಹೋದರನ ಮಾತಿನಿಂದ ಕಲಿತೆನು. ಬೇರೆಯವರು ಸತ್ತವನನ್ನು ಮನೆಯಲ್ಲಿ ಹುಡುಕುತ್ತಾರೆ. ಹಾಡುಗಾರನು ಅವನನ್ನು ಪ್ರತಿಯೊಂದು ಹಾಡಿನೊಳಗೂ ಹುಡುಕುತ್ತಾನೆ. ಅದಕ್ಕೆ ಸಭೆಯವರು ಅವನಿಗೆ ಸಮಯವನ್ನು ಕೊಡಬೇಕು.

5. ಪ್ರೀತಿಯು ಮುಂದೆ ಯಾವ ದಾರಿಯನ್ನು ಹಿಡಿಯಬೇಕು?

ಗೀತವು ಮುಗಿಯಿತು, ಆದರೆ ದಾವೀದನ ಪ್ರೀತಿಯು ಮುಗಿಯಲಿಲ್ಲ. ಒಂಭತ್ತನೆಯ ಅಧ್ಯಾಯದಲ್ಲಿ ಅವನು, ಯೋನಾತಾನನಿಗೋಸ್ಕರ ನಾನು ದಯೆ ತೋರಿಸಬಹುದಾದವರು ಸೌಲನ ಮನೆಯಲ್ಲಿ ಯಾರಾದರೂ ಉಳಿದಿದ್ದಾರೋ ಎಂದು ವಿಚಾರಿಸುತ್ತಾನೆ. ಯೋನಾತಾನನ ಮಗನಾದ ಮೆಫೀಬೋಶೆತನು ಸಿಕ್ಕಿದನು. ತಂದೆ ಸತ್ತ ಸುದ್ದಿಯು ಬಂದ ದಿವಸ ಅವನು ಐದು ವರುಷದ ಕೂಸಾಗಿದ್ದನು. ದಾದಿಯು ಎತ್ತಿಕೊಂಡು ಓಡುವಾಗ ಬಿದ್ದು ಎರಡು ಕಾಲೂ ಕುಂಟಾದವು (4:4). ದಾವೀದನು ಕರಿಸುವಷ್ಟರಲ್ಲಿ ಅವನಿಗೇ ಒಬ್ಬ ಚಿಕ್ಕ ಮಗನಿದ್ದನು (9:12). ಆದಕಾರಣ ಎಷ್ಟೋ ವರುಷ ಕಳೆದಿದ್ದವೆಂದು ತಿಳಿಯುತ್ತದೆ. ಅಷ್ಟು ವರುಷಗಳ ಮೇಲೆಯೂ ಅರಸನು ಸ್ನೇಹಿತನನ್ನು ಮರೆತಿರಲಿಲ್ಲ. ಆ ಕುಂಟನು ಅರಸನ ಮಕ್ಕಳಂತೆ ಅವನ ಪಂಕ್ತಿಯಲ್ಲಿ ಊಟಮಾಡಿದನು.

ನಮ್ಮ ಕನ್ನಡ ಸಭೆಯ ಚರಿತ್ರೆಯಲ್ಲಿಯೂ ಇದಕ್ಕೆ ಸಮಾನವಾದ ಒಂದು ಸಂಗತಿಯುಂಟು. ಬಾಸೆಲ್ ಮಿಶನಿನ ಹೆರ್ಮನ್ ಮೋಗ್ಲಿಂಗ್ ಅಯ್ಯನವರು 1836ರಲ್ಲಿಯೂ ಗೋಟ್‌ಫ್ರೀಡ್ ವೈಗ್ಲೆ ಅಯ್ಯನವರು 1840ರಲ್ಲಿಯೂ ಈ ನಾಡಿಗೆ ಬಂದರು. ಮೋಗ್ಲಿಂಗರು 1843ರಲ್ಲಿ ಮಂಗಳೂರ ಸಮಾಚಾರವನ್ನು ಹೊರಡಿಸಿದವರೆಂದು ನೀವು ಕೇಳಿದ್ದೀರಿ. ಈ ಇಬ್ಬರೂ ಆಪ್ತ ಸ್ನೇಹಿತರಾಗಿ ಕನ್ನಡದ ಹಳೇ ಕಾವ್ಯಗಳನ್ನು ಅಚ್ಚುಹಾಕಿಸುವ ಕೆಲಸದಲ್ಲಿ ಕೂಡಿ ದುಡಿದರು. ಕನ್ನಡ ಸಭೆಗೆ ಮೊದಮೊದಲು ಗೀತಗಳನ್ನು ಕಟ್ಟಿಕೊಟ್ಟವರಲ್ಲಿ ಇಬ್ಬರೂ ಸೇರಿದ್ದಾರೆ. ವೈಗ್ಲೆಯವರು ಸತ್ಯವೇದದ ಕನ್ನಡ ಭಾಷಾಂತರವನ್ನು ತಿದ್ದುವದರಲ್ಲಿಯೂ ಶ್ರಮಪಟ್ಟು, 1855ರಲ್ಲಿ ಇನ್ನೂ ನಾಲ್ವತ್ತು ವರುಷ ತುಂಬುವದರೊಳಗೆ ತೀರಿಹೋದರು. ಬಳಿಕ ಮೋಗ್ಲಿಂಗರು ಸ್ನೇಹಿತನ ವಿಧವೆಯಾದ ಪೌಲೀನಮ್ಮನವರನ್ನು ಮದುವೆಯಾಗಿ ಅವನ ಮಕ್ಕಳಿಗೆ ತಂದೆಯ ಸ್ಥಾನದಲ್ಲಿ ನಿಂತರು. ಕೂಡಿ ಹಾಡು ಕಟ್ಟಿದವನು ಹೋದ ಮೇಲೆ ಅವನ ಮನೆಯು ಬೀಳದಂತೆ ಹೆಗಲು ಕೊಟ್ಟರು.

6. ಪೇಟಿಯು ಹೇಗೆ ತೆರೆಯಿತು

ನಾನು ಆ ಸಹೋದರನ ಮನೆಗೆ ತಿರಿಗಿ ಹೋಗಿ, "ಅಣ್ಣಾ, ನಿನಗೆ ತಪ್ಪಾಗಿ ಬೋಧಿಸಿದೆನು, ನನ್ನನ್ನು ಕ್ಷಮಿಸು" ಎಂದು ಹೇಳಿ, ದಾವೀದನ ಗೀತವನ್ನು ಮೆಲ್ಲಗೆ ಓದಿದೆನು. ಅವನು ಕೇಳಿ, ಬಹಳ ಹೊತ್ತು ಸುಮ್ಮನಿದ್ದು, "ಉಪದೇಶಿಗಳೇ, ಈ ಹಾಡಿನಲ್ಲಿ ದೇವರ ಹೆಸರೇ ಬರಲಿಲ್ಲವಲ್ಲಾ?" ಎಂದನು. ನಾನು ಎಷ್ಟೋ ಸಾರಿ ಓದಿದ್ದರೂ ಇದನ್ನು ಕಂಡಿರಲಿಲ್ಲ. ಪುನಃ ನೋಡಿದೆವು. ನಿಜವಾಗಿಯೂ 19ನೆಯ ವಚನದಿಂದ 27ನೆಯದರ ವರೆಗೆ ದೇವರ ನಾಮವಿಲ್ಲ. ಪ್ರಾರ್ಥನೆಯೂ ಇಲ್ಲ, ಸ್ತೋತ್ರವೂ ಇಲ್ಲ, ದುಃಖ ಮಾತ್ರ ಉಂಟು. ಆದರೂ ಅದು ದೇವರ ವಾಕ್ಯದಲ್ಲಿ ಇಡಲ್ಪಟ್ಟಿದೆ. "ಹಾಗಾದರೆ ದೇವರ ಹೆಸರನ್ನು ಎತ್ತುವದಕ್ಕೂ ಬಲವಿಲ್ಲದ ದಿವಸಗಳಲ್ಲಿ ನಾವು ಹಾಡುವದನ್ನೂ ಆತನು ಕೇಳುತ್ತಾನೆ" ಎಂದು ನಾನು ಹೇಳಿದೆನು. ಆಗ ಅವನು ಅತ್ತನು. ನಾನೂ ಅವನ ಸಂಗಡ ಅತ್ತೆನು. ಅಳುವವರ ಸಂಗಡ ಅಳಬೇಕೆಂಬ ರೋಮಾಪುರದವರಿಗೆ ಬರೆದ ಆಜ್ಞೆಯನ್ನು (12:15) ನಾನು ಅನೇಕ ಸಾರಿ ಬೋಧಿಸಿದ್ದೆನು. ಅದರಂತೆ ಮಾಡಿದ್ದು ಬಹುಶಃ ಅಂದೇ ಮೊದಲು.

ಅವನು ಮರುವಾರವೇ ಬಂದು ಬಾರಿಸಲಿಲ್ಲ. ಇನ್ನೂ ಕೆಲವು ವಾರಗಳು ಹೋದವು. ಸಭೆಯವರಿಗೆ ಈ ಪಾಠವನ್ನೇ ಕಲಿಸಿದೆನು. ಹಿರಿಯರು ಒಬ್ಬೊಬ್ಬರಾಗಿ ಅವನ ಮನೆಗೆ ಹೋಗಿ ಕೂತುಬಂದರು, ಕೆಲವರು ತಬಲಾದವನ ವಿಷಯವಾಗಿ ತಾವು ಬಲ್ಲ ಸಂಗತಿಗಳನ್ನು ಹೇಳಿಬಂದರು. ಒಂದು ಸಾಯಂಕಾಲ ಅವನು ತಾನಾಗಿ ಸತ್ತವನ ಮನೆಗೆ ಹೋಗಿ, ಆ ತಾಯಿಯ ಅಪ್ಪಣೆ ಕೇಳಿ, ಮೂಲೆಯಲ್ಲಿ ಬಟ್ಟೆ ಮುಚ್ಚಿಟ್ಟಿದ್ದ ತಬಲಾಗಳನ್ನು ಹೊರಗೆ ತೆಗೆದು ಧೂಳೊರಸಿ ಅವಳ ಹಿರೇ ಮಗನ ಮುಂದೆ ಇಟ್ಟನು. ಹುಡುಗನಿಗೆ ಹತ್ತು ವರುಷ. ಈಗ ಅವನು ಆದಿತ್ಯವಾರ ಪೇಟಿಯ ಎಡಗಡೆಯಲ್ಲಿ ಕೂತುಕೊಳ್ಳುತ್ತಾನೆ. ಅವನ ತಾಳವು ಪದೇಪದೇ ತಪ್ಪುತ್ತದೆ. ಆಗ ಪೇಟಿಯವನು ನಿಂತು, ಹುಡುಗನು ಹಿಡಿಯುವ ತನಕ ಕಾದು, ಮುಂದಕ್ಕೆ ಹೋಗುತ್ತಾನೆ. ಹಾಡು ಮೊದಲಿನ ಹಾಗೆ ಇಲ್ಲ, ಮೊದಲಿನ ಹಾಗೆ ಆಗುವದೂ ಇಲ್ಲ. ಒಂದು ದಿನ ಒಬ್ಬ ಹಿರಿಯನು, ತಾಳ ಬಲ್ಲವರನ್ನು ಹಳಿಯಾಳದಿಂದ ಕರಿಸಬಾರದೇ ಎಂದಾಗ ಆ ಸಹೋದರನು, "ಅಪ್ಪನ ಕೈ ಹುಡುಗನಿಗೆ ಮೆಲ್ಲಗೆ ಬರುತ್ತದೆ, ಕಾಯೋಣ" ಎಂದು ಮಾತ್ರ ಹೇಳಿದನು.

ಪ್ರಿಯರೇ, ನಿಮ್ಮ ಸಭೆಯಲ್ಲಿ ಸ್ನೇಹಿತನನ್ನು ಕಳಕೊಂಡವರು ಯಾರಾದರೂ ಇದ್ದರೆ ಈ ವಾರವೇ ಅವರ ಮನೆಗೆ ಹೋಗಿರಿ. ಬೋಧಿಸುವದಕ್ಕಲ್ಲ, ಕೂತುಕೊಳ್ಳುವದಕ್ಕೆ ಹೋಗಿರಿ. ಸತ್ತವರ ಹೆಸರನ್ನು ಎತ್ತುವದಕ್ಕೆ ಹೆದರಬೇಡಿರಿ. ಅದನ್ನು ಕೇಳಬೇಕೆಂದೇ ಅವರು ಕಾಯುತ್ತಿರುತ್ತಾರೆ. ಅವರ ಮಕ್ಕಳಲ್ಲಿ ಕುಂಟನಾದ ಮೆಫೀಬೋಶೆತನು ಎಲ್ಲಿಯಾದರೂ ಮರೆಯಾಗಿ ಇದ್ದಾನೋ ಎಂದು ವಿಚಾರಿಸಿರಿ.

ಮನೆಯಲ್ಲಿಯೂ ಆದಿತ್ಯವಾರದ ಶಾಲೆಯಲ್ಲಿಯೂ ಕೇಳತಕ್ಕ ಪ್ರಶ್ನೆಗಳು

1. ದಾವೀದನು ಮೊದಲು ಸೌಲನ ಅರಮನೆಗೆ ಯಾಕೆ ಕರಿಸಲ್ಪಟ್ಟನು?
2. ಯೋನಾತಾನನು ದಾವೀದನಿಗೆ ಏನೇನು ಕೊಟ್ಟನು? ಹಾಗೆ ಕೊಟ್ಟದ್ದರಿಂದ ಅವನಿಗೆ ಯಾವ ನಷ್ಟವಾಯಿತು?
3. ತನ್ನನ್ನು ಹಿಂಸಿಸಿದ ಸೌಲನ ವಿಷಯವಾಗಿ ದಾವೀದನು ಗೀತದಲ್ಲಿ ಹೇಗೆ ಮಾತಾಡಿದನು? ನಾವು ಸತ್ತವರ ವಿಷಯವಾಗಿ ಹೇಗೆ ಮಾತಾಡುತ್ತೇವೆ?
4. ಲಾಜರನು ಎದ್ದುಬರುವನೆಂದು ತಿಳಿದಿದ್ದರೂ ಕರ್ತನು ಯಾಕೆ ಅತ್ತನು?
5. 1 ಥೆಸಲೋನಿಕ 4:13ರಲ್ಲಿ ಪೌಲನು ಯಾವದನ್ನು ಬೇಡವೆಂದನು, ಯಾವದನ್ನು ಬೇಡವೆನ್ನಲಿಲ್ಲ?
6. ನಮ್ಮ ಊರಿನಲ್ಲಿ ಈ ವರುಷ ತೀರಿಹೋದವರ ಮನೆಗಳು ಯಾವವು? ಅಲ್ಲಿಗೆ ಯಾರು ಹೋಗುವರು?

ಪ್ರಾರ್ಥನೆ

ಲಾಜರನ ಸಮಾಧಿಯ ಬಳಿಯಲ್ಲಿ ಅತ್ತ ಕರ್ತನೇ, ಜೊತೆಗಾರನನ್ನು ಕಳಕೊಂಡು ಸುಮ್ಮನಾಗಿರುವವರನ್ನು ನೀನು ಬಲ್ಲಿ. ಅವರ ಮೌನವನ್ನು ನಾವು ಅವಿಶ್ವಾಸವೆಂದು ತೀರ್ಪುಮಾಡದಂತೆ ನಮ್ಮ ಬಾಯಿಗೆ ಕಾವಲಿಡು. ಅವರ ಸಂಗಡ ಕೂತುಕೊಳ್ಳುವ ತಾಳ್ಮೆಯನ್ನೂ ಅವರ ಸ್ನೇಹಿತರ ಮಕ್ಕಳನ್ನು ಪರಾಮರಿಸುವ ಪ್ರೀತಿಯನ್ನೂ ನಮಗೆ ಕೊಡು. ನಿನ್ನ ತುತೂರಿಯ ಧ್ವನಿಯಾಗುವ ದಿವಸದ ವರೆಗೆ ನಮ್ಮ ಕುಂದಿದ ಹಾಡನ್ನೂ ಅಂಗೀಕರಿಸು. ಆಮೆನ್.